ಶಾಂತಿಸಾಗರವೆಂಬ ಸೂಳೆಕೆರೆ



ಜುಲೈ 22 ಮಗ್ದಲದ ಸಂತ ಮರಿಯಳ ಹಬ್ಬ. ಈ ಸಂಚಿಕೆಗೆ ಆ ಹಬ್ಬದ ಪ್ರಬೋಧನೆಯನ್ನು ಬರೆದುಕೊಡಬೇಕೆಂದು ನಾವು ಕುಳಿತಿದ್ದೆವು. ಬರೆಯುತ್ತಾ ಹೋದಂತೆ ನಡುವೆ ಒಂದು ಕೆರೆ ಅಡ್ಡ ಬಂತು. ಕೆರೆ ದೊಡ್ಡದು, ದಾಟಿ ಹೋಗಲು ಆಗಲಿಲ್ಲ. ಆದ್ದರಿಂದ ಈ ಸಲ ಪ್ರಬೋಧನೆಯ ಬದಲು ಆ ಕೆರೆಯ ಇತಿಹಾಸವನ್ನೇ ನಿಮ್ಮ ಮುಂದೆ ಇಡುತ್ತಿದ್ದೇವೆ.

ವಿಷಯ ಶುರುವಾದದ್ದು ನಮ್ಮ ಬೆಂಗೇರಿಯ ಮಕ್ಕಳ ಧರ್ಮೋಪದೇಶ ತರಗತಿಯಲ್ಲಿ. ಗಲಿಲೇಯ ಸರೋವರದ ಪಾಠ ನಡೆದಿತ್ತು. ಪೇತ್ರ, ಅಂದ್ರೆಯ ಬಲೆ ಬೀಸಿದ ನೀರು ಎಷ್ಟು ದೊಡ್ಡದು ಎಂದು ತಿಳಿಸುವುದಕ್ಕಾಗಿ, "ನಮ್ಮ ನಾಡಿನಾಗ ಎಲ್ಲಕ್ಕಿಂತ ದೊಡ್ಡ ಕೆರಿ ಯಾವುದು ಹೇಳ್ರಿ ನೋಡೋಣ" ಎಂದು ಕೇಳಿದೆವು. ಬಹಳ ಮಕ್ಕಳು "ಉಣಕಲ್ ಕೆರಿ ಫಾದರ್" ಎಂದರು. ಹುಬ್ಬಳ್ಳಿಯ ಮಕ್ಕಳಿಗೆ ಉಣಕಲ್ಲಿಗಿಂತ ಆಚೆ ಕೆರೆಯೇ ಇಲ್ಲ! ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗ ಮಾತ್ರ ಎದ್ದು ನಿಂತು, ತನ್ನ ತಾಯಿಯ ತವರು ಚನ್ನಗಿರಿ ಕಡೆಗೆಂದು ಹೇಳಿ, "ಸೂಳೆಕೆರಿ ಫಾದರ್" ಎಂದುಬಿಟ್ಟ. ತರಗತಿಯೆಲ್ಲಾ ನಗೆಯಾಯಿತು. ಪಾಠ ಹೇಳುತ್ತಿದ್ದ ಸಿಸ್ಟರ್ ಮುಖ ಕೆಂಪಾಯಿತು. ಹುಡುಗ ಏನು ತಪ್ಪು ಮಾಡಿದೆನೆಂದು ತಿಳಿಯದೆ ನಿಂತೇ ಇದ್ದ.

ಅವನು ಹೇಳಿದ್ದು ಸರಿಯಾದ ಉತ್ತರ. ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನಲ್ಲಿರುವ ಸೂಳೆಕೆರೆ, ಸರಕಾರದ ಕಾಗದದಲ್ಲಿ ಶಾಂತಿಸಾಗರ, ಕರ್ನಾಟಕದ ಹಳೆಯ ಕಾಲದ ಕೆರೆಗಳಲ್ಲೆಲ್ಲಾ ಹಿರಿದು. ಇಂದಿನ ಅಣೆಕಟ್ಟುಗಳ ಹಿನ್ನೀರನ್ನು ನಾವು ಲೆಕ್ಕಕ್ಕೆ ಹಿಡಿದಿಲ್ಲ. ನಾವು ಕುಡಿಯುವ ಮಲಪ್ರಭೆಯ ನೀರು ನಿಂತಿರುವ ಸವದತ್ತಿಯ ರೇಣುಕಾಸಾಗರ ಅದಕ್ಕಿಂತ ಬಹಳ ದೊಡ್ಡದು. ಆದರೆ ಅದು ಸಿಮೆಂಟು, ಕ್ರೇನು, ಎಂಜಿನಿಯರುಗಳ ಕಾಲದ್ದು. ಸೂಳೆಕೆರೆ ಹಾರೆ, ಬುಟ್ಟಿ, ಎತ್ತಿನ ಗಾಡಿಯ ಕಾಲದ್ದು.

ಅದೇ ವರ್ಷ ಮಳೆಗಾಲ ಮುಗಿದ ಮೇಲೆ ಧರ್ಮಕೇಂದ್ರದ ಹದಿನಾರು ಮಂದಿ ಒಂದು ಟೆಂಪೊ ಗೊತ್ತುಮಾಡಿಕೊಂಡು ನಸುಕಿನ ಬಲಿಪೂಜೆ ಮುಗಿಸಿ ಹೊರಟೆವು. ಹಾವೇರಿ, ರಾಣೆಬೆನ್ನೂರು ದಾಟಿ ಹರಿಹರ. ಹರಿಹರವೆಂದರೆ ನಮ್ಮ ಕುಟುಂಬಗಳಿಗೆ ಆರೋಗ್ಯಮಾತೆಯ ಊರು. ಸೆಪ್ಟೆಂಬರ್ 8ರ ಜಾತ್ರೆಗೆ ನಮ್ಮ ಓಣಿಗಳಿಂದ ಗಾಡಿ ಮಾಡಿಕೊಂಡು ಹೋಗುವವರು ಎಷ್ಟೋ ಜನ. ಅಲ್ಲಿ ತುಂಗಭದ್ರೆಯ ದಂಡೆಯಲ್ಲಿ ಕಾಲು ತೊಳೆದವರಿಗೆ ಒಂದು ಸಂಗತಿ ಗೊತ್ತಿರಲಾರದು: ಹರಿಹರದ ಬಳಿ ತುಂಗಭದ್ರೆಯನ್ನು ಕೂಡುವ ಹರಿದ್ರಾ ಎಂಬ ಹಳ್ಳ ಹೊರಟು ಬರುವುದು ಇದೇ ಸೂಳೆಕೆರೆಯಿಂದ. ಅಷ್ಟು ವರ್ಷ ಆ ಕೆರೆಯ ನೀರನ್ನು ಮುಟ್ಟಿಯೂ ಅದರ ಹೆಸರೆತ್ತಲು ನಾವು ನಾಚುತ್ತಿದ್ದೆವು.

ದಾವಣಗೆರೆ ದಾಟಿ ಚನ್ನಗಿರಿಯ ದಾರಿ ಹಿಡಿದಾಗ ಎರಡೂ ಕಡೆ ಅಡಿಕೆ ತೋಟ, ಭತ್ತದ ಗದ್ದೆ. ನಮ್ಮ ಕಡೆಯ ಹತ್ತಿ, ಮೆಣಸಿನಕಾಯಿ, ಜೋಳದ ಹೊಲ ನೋಡಿದ ಕಣ್ಣಿಗೆ ಅದೇ ಒಂದು ಹಬ್ಬ. ಆಮೇಲೆ ಗುಡ್ಡಗಳು ಸರಿದು ನೀರು ಕಾಣಿಸಿತು. ಟೆಂಪೊದಲ್ಲಿದ್ದ ಒಬ್ಬ ಅಜ್ಜಿ ಶಿಲುಬೆಯ ಗುರುತು ಹಾಕಿಕೊಂಡು, "ಅಯ್ಯ ದೇವರೇ, ಇದು ಕೆರಿ ಅಲ್ಲ, ಗೋವಾದ ಸಮುದ್ರ ಐತಿ" ಎಂದರು.

ಈಗ ಅಳತೆಗೆ ಬರೋಣ. ಕೆರೆಯ ನೀರು ಹರಡುವ ಜಾಗ 6,550 ಎಕರೆ, ಅಂದರೆ ಸುಮಾರು 26.5 ಚದರ ಕಿಲೋಮೀಟರು. ಸುತ್ತಳತೆ ಸುಮಾರು 30 ಕಿ.ಮೀ. ನೀರು ಹರಿದುಬರುವ ಜಲಾನಯನ ಪ್ರದೇಶ 329.75 ಚದರ ಕಿ.ಮೀ. ತುಂಬಿದಾಗ ಆಳ 27 ಅಡಿ. ಸಿದ್ದ ನಾಲೆ, ಬಸವ ನಾಲೆ ಎಂಬ ಎರಡು ಕಾಲುವೆಗಳಲ್ಲಿ ನೀರು ಹರಿದು ಸುಮಾರು 4,700 ಎಕರೆ ಅಚ್ಚುಕಟ್ಟಿಗೆ ಉಣ್ಣಿಸುತ್ತದೆ. ಐವತ್ತು ಕಿ.ಮೀ.ಗೂ ಆಚೆ ಇರುವ ಚಿತ್ರದುರ್ಗದ ಜನ ಕುಡಿಯುವುದಕ್ಕೂ ಇಲ್ಲಿಂದ ನೀರು ಹೋಗಿದೆ.

ಈ ಅಂಕಿಗಳಲ್ಲಿ ಒಂದನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದೇವೆ. ಇಷ್ಟೆಲ್ಲಾ ನೀರನ್ನು ತಡೆದು ನಿಲ್ಲಿಸಿರುವ ಏರಿಯ ಉದ್ದ ಕೇವಲ 950 ಅಡಿ! ನಮ್ಮ ಹುಬ್ಬಳ್ಳಿಯ ರೈಲ್ವೆ ಪ್ಲಾಟ್‌ಫಾರ್ಮು ಇದಕ್ಕಿಂತ ಎಷ್ಟೋ ಉದ್ದ. ಉಣಕಲ್ ಕೆರೆಯ ಏರಿಯ ಮೇಲೆ ಮುಂಜಾನೆ ವಾಕಿಂಗ್ ಹೋಗುವವರು 950 ಅಡಿಯನ್ನು ನಾಲ್ಕೈದು ನಿಮಿಷಕ್ಕೆ ಮುಗಿಸಿಯಾರು. ಎರಡು ಗುಡ್ಡಗಳ ನಡುವೆ ಹಳ್ಳ ನುಸುಳಿ ಹೋಗುತ್ತಿದ್ದ ಇಕ್ಕಟ್ಟು ಬಾಯಿ ಒಂದೇ ಒಂದು ಇತ್ತು. ಯಾರೋ ಅದನ್ನು ಕಂಡರು, ಅದನ್ನು ಮುಚ್ಚಿದರು. ಉಳಿದ ಮೂರು ಕಡೆಗೆ ಗೋಡೆ ಕಟ್ಟುವ ಕೆಲಸವನ್ನು ಗುಡ್ಡಗಳೇ ಮಾಡಿದವು. ಹಳೆಯ ಮೈಸೂರು ಗ್ಯಾಸೆಟಿಯರ್ ಕೂಡ ಈ ಏರಿಯ ಉದ್ದ ಹೆಚ್ಚಲ್ಲದಿದ್ದರೂ ಅದರ ಅಗಲ, ಎತ್ತರ, ಬಲ ಬೆರಗುಗೊಳಿಸುವಂಥದು ಎಂದು ಹೊಗಳಿದೆ.

ಹಾಗಾದರೆ ಆ ಜಾಗ ಕಂಡವರು ಬರೀ ಅದೃಷ್ಟವಂತರೇ? ಹಾಗೆ ಹೇಳಲಾಗದು. ನಮ್ಮ ಹಿರಿಯರಿಗೆ ಕೆರೆ ಕಟ್ಟುವುದು ಒಂದು ಶಾಸ್ತ್ರವೇ ಆಗಿತ್ತು. ಇದಕ್ಕೆ ಕಲ್ಲಿನ ಸಾಕ್ಷಿ ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿದೆ. ವಿಜಯನಗರದ ಒಂದನೇ ಬುಕ್ಕರಾಯನ ಮಗ ಭಾಸ್ಕರ ಭವದೂರ 1369ರಲ್ಲಿ ಅಲ್ಲಿ ಕಟ್ಟಿಸಿದ ಕೆರೆಯ ದಂಡೆಯಲ್ಲಿ ದೊಡ್ಡದೊಂದು ಸಂಸ್ಕೃತ ಶಾಸನವಿದೆ. ಸಾವಿರ ಆಳು, ನೂರು ಗಾಡಿ, ಎರಡು ವರ್ಷದ ಕೆಲಸ ಎಂದು ಲೆಕ್ಕ ಕೊಟ್ಟು ಅದು ಅಷ್ಟಕ್ಕೇ ನಿಲ್ಲುವುದಿಲ್ಲ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರಬಾರದ ಆರು ದೋಷಗಳನ್ನೂ ಎಣಿಸಿ ಹೇಳುತ್ತದೆ. ಧರ್ಮವಂತನಾದ ದೊರೆ ಇರಬೇಕು. ನೀರಿನ ವಿದ್ಯೆ ಬಲ್ಲವನು ಇರಬೇಕು. ನೆಲ ಗಟ್ಟಿಯಿರಬೇಕು. ಸಿಹಿನೀರಿನ ಹೊಳೆಯಿರಬೇಕು. ಗುಡ್ಡದ ತುದಿಗಳು ಹೊಳೆಯನ್ನು ತಾಗಿರಬೇಕು. ಅವುಗಳ ನಡುವೆ ಕಲ್ಲಿನ ಏರಿ, ಬಹಳ ಉದ್ದವಲ್ಲದ್ದು, ಆದರೆ ಗಟ್ಟಿಯಾದದ್ದು ಇರಬೇಕು. ಹೀಗೆ ಸಾಗುತ್ತದೆ. ದೋಷಗಳ ಪಟ್ಟಿ ಇನ್ನೂ ಸ್ವಾರಸ್ಯ: ಏರಿಯಿಂದ ನೀರು ಜಿನುಗುವುದು, ಸವಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು, ನಡುವೆ ಆಮೆಯ ಬೆನ್ನಿನಂತೆ ದಿಬ್ಬವಿರುವುದು, ನೀರು ಕಡಿಮೆಯಾಗಿ ಹೊಲ ಹೆಚ್ಚಾಗುವುದು, ಹೊಲ ಕಡಿಮೆಯಾಗಿ ನೀರು ಹೆಚ್ಚಾಗುವುದು. ಗಡಿಯಲ್ಲಿ ಕೆರೆ ಕಟ್ಟಬೇಡ ಎಂದು ಆರುನೂರ ಐವತ್ತು ವರ್ಷದ ಹಿಂದೆಯೇ ಬರೆದವರು, ನಮ್ಮ ಮಹಾದಾಯಿ, ಕಾವೇರಿ ಜಗಳಗಳನ್ನು ಆಗಲೇ ಕಂಡಿದ್ದರೋ ಏನೋ!

ಸೂಳೆಕೆರೆ ಈ ಶಾಸನಕ್ಕಿಂತ ಹಳೆಯದು, ಹನ್ನೊಂದು ಹನ್ನೆರಡನೆಯ ಶತಮಾನದ್ದು ಎನ್ನುತ್ತಾರೆ. ಗುಡ್ಡದ ತುದಿಗಳು ಹಳ್ಳವನ್ನು ತಾಗಿರುವುದು, ಏರಿ ಗಿಡ್ಡವಾಗಿ ಗಟ್ಟಿಯಾಗಿರುವುದು, ಎರಡೂ ಇಲ್ಲಿ ಕಣ್ಣಿಗೆ ಕಾಣುತ್ತವೆ. ಆದರೆ ನಮಗೆ ತೋಚಿದ ಇನ್ನೊಂದು ಮಾತನ್ನೂ ಹೇಳಬೇಕು. ನೀರು ನಿಲ್ಲುವ ನೆಲ 6,550 ಎಕರೆ, ನೀರುಣ್ಣುವ ನೆಲ 4,700 ಎಕರೆ. ಶಾಸನದ ಆರನೆಯ ದೋಷದ ನೆರಳು ಇಲ್ಲಿಲ್ಲವೇ? ಅಗಲವಾಗಿ, ಆಳವಿಲ್ಲದೆ ಹರಡಿದ ನೀರನ್ನು ಬೇಸಿಗೆಯ ಸೂರ್ಯ ಬಹಳಷ್ಟು ಕುಡಿದುಬಿಡುತ್ತಾನೆ. ಜೊತೆಗೆ ಕೆರೆಯ ಹನ್ನೆರಡು ಪಟ್ಟು ವಿಸ್ತಾರದ ಜಲಾನಯನದಿಂದ ಪ್ರತಿ ಮಳೆಗೂ ಮಣ್ಣು ಬಂದು ಕೂರುತ್ತದೆ. ಹೂಳು ಹೆಚ್ಚಿದಷ್ಟೂ ಆಳ ಕಡಿಮೆ, ಆಳ ಕಡಿಮೆಯಾದಷ್ಟೂ ಅಂಚಿನ ನೆಲ ಒಣಗುತ್ತದೆ, ಒಣಗಿದ ನೆಲದ ಮೇಲೆ ನೇಗಿಲು ಇಳಿಯುತ್ತದೆ. ಒತ್ತುವರಿ ಎಂಬ ರೋಗ ಹತ್ತುವುದು ಹೀಗೆ. ಕೆರೆಯ ಗಡಿ ಅಳೆದು ಕಲ್ಲು ನೆಡಿ, ಹೂಳೆತ್ತಿ ಎಂದು ಅಲ್ಲಿಯ ಜನ ಹೋರಾಟ ಮಾಡುತ್ತಲೇ ಬಂದಿದ್ದಾರೆ.

ಮೊದಲು ಹೀಗಿರಲಿಲ್ಲವೇ ಎಂದು ನೀವು ಕೇಳಬಹುದು. ಹೂಳು ಮೊದಲೂ ಇತ್ತು, ಎತ್ತುವ ಏರ್ಪಾಡೂ ಇತ್ತು. ನಮ್ಮ ಶಾಸನಗಳಲ್ಲಿ 'ಬಿತ್ತುವಟ್ಟ' ಎಂಬ ಪದ ಬರುತ್ತದೆ. ಕೆರೆಯ ಪೋಷಣೆಗೆಂದು ಬಿಟ್ಟುಕೊಟ್ಟ ಭೂಮಿ ಅದು. ಆ ಭೂಮಿಯ ಆದಾಯದಲ್ಲಿ ಕೆರೆಬಂಡಿ ನಡೆಯುತ್ತಿತ್ತು. ದಿನವೂ ಹೂಳು ಹೊತ್ತು ಏರಿಗೆ ಹಾಕುವುದೇ ಆ ಬಂಡಿಯ ಕೆಲಸ. ತೂಬು ತೆಗೆಯಲು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಲು ನೀರುಗಂಟಿ ಇದ್ದ. ಹೀಗೆ ಊರೂರಿಗೆ ಕೆರೆ ಕಟ್ಟಿ, ಒಂದರ ಕೋಡಿ ನೀರು ಇನ್ನೊಂದಕ್ಕೆ ಬೀಳುವಂತೆ ಸರಪಳಿ ಹೆಣೆದಿದ್ದರು. 1860ರ ದಶಕದಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿ ಬಂದ ಸ್ಯಾಂಕಿ ಸಾಹೇಬರು, ಈ ಸೀಮೆಯಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಜಾಣತನದ ಕೆಲಸವಾದೀತು ಎಂಬರ್ಥದ ಮಾತನ್ನು ಬರೆದಿಟ್ಟು ಹೋದರು. ಬೆಂಗಳೂರಿನ ಸ್ಯಾಂಕಿ ಕೆರೆ ಅವರ ಹೆಸರಿನದೇ.

ದೊಡ್ಡ ಕೆರೆ ಎಂದ ಮೇಲೆ ಹೊಗಳಿಕೆಯೂ ದೊಡ್ಡದಾಗಿ ಅಂಟಿಕೊಳ್ಳುತ್ತದೆ. 'ಏಷ್ಯಾದಲ್ಲೇ ಎರಡನೆಯ ದೊಡ್ಡ ಕೆರೆ' ಎಂದು ಸೂಳೆಕೆರೆಯನ್ನು ಎಷ್ಟೋ ಪುಸ್ತಕಗಳು ಹೇಳುತ್ತವೆ. ನಮ್ಮ ಮಕ್ಕಳು ಪರೀಕ್ಷೆಯಲ್ಲಿ ಹಾಗೆ ಬರೆದರೆ ಅಂಕವೂ ಸಿಕ್ಕೀತು. ಆದರೆ ರಾಜಸ್ಥಾನದಲ್ಲಿ ಉದಯಪುರದ ರಾಣಾ ಜಯಸಿಂಹ ಹದಿನೇಳನೆಯ ಶತಮಾನದಲ್ಲಿ ಕಟ್ಟಿಸಿದ ಜಯಸಮಂದ ಸರೋವರ ಸುಮಾರು 87 ಚದರ ಕಿ.ಮೀ. ಇದೆ. ರಾಜಾ ಭೋಜನ ಹೆಸರಿನಲ್ಲಿರುವ ಭೋಪಾಲದ ದೊಡ್ಡ ಕೆರೆಯೂ ಸೂಳೆಕೆರೆಗಿಂತ ಸಣ್ಣದಲ್ಲ. ಇಲ್ಲದ ಕಿರೀಟ ತೊಡಿಸಿದರೆ ಇದ್ದ ಗೌರವವೂ ಹೋಗುತ್ತದೆ. 950 ಅಡಿ ಏರಿಗೆ 26 ಚದರ ಕಿ.ಮೀ. ನೀರು ಎಂಬುದೇ ಸಾಲದೇ?

ಇನ್ನೂ ಒಂದು ಹೋಲಿಕೆ, ಮಕ್ಕಳಿಗಾಗಿ. ಗಲಿಲೇಯ ಸರೋವರ 21 ಕಿ.ಮೀ. ಉದ್ದ, 13 ಕಿ.ಮೀ. ಅಗಲ, ಒಟ್ಟು ಸುಮಾರು 166 ಚದರ ಕಿ.ಮೀ. ಅಂದರೆ ಆರು ಸೂಳೆಕೆರೆ ಸೇರಿದರೆ ಹೆಚ್ಚು ಕಡಿಮೆ ಒಂದು ಗಲಿಲೇಯ. ಆಳ ಮಾತ್ರ ಬಹಳ, ನೂರ ನಲವತ್ತು ಅಡಿಯಷ್ಟು. ಸಮುದ್ರಮಟ್ಟಕ್ಕಿಂತ ಇನ್ನೂರು ಮೀಟರಿಗೂ ಕೆಳಗಿದೆ. ಜಗತ್ತಿನ ಸಿಹಿನೀರಿನ ಸರೋವರಗಳಲ್ಲಿ ಇಷ್ಟು ತಗ್ಗಿನಲ್ಲಿರುವುದು ಬೇರೊಂದಿಲ್ಲ. ಹೆಸರಿಗೆ ಅದು 'ಸಮುದ್ರ'. ಶುಭಸಂದೇಶಕಾರರಲ್ಲಿ ಸಂತ ಲೂಕರು ಮಾತ್ರ ಅದನ್ನು ಸರೋವರ ಎಂದೇ ಕರೆಯುತ್ತಾರೆ. ಉಳಿದವರಿಗೆ ಅದು ಸಮುದ್ರ. ದೊಡ್ಡ ಸಮುದ್ರ ಕಂಡಿದ್ದ ಲೂಕರಿಗೆ ವ್ಯತ್ಯಾಸ ಗೊತ್ತಿತ್ತು, ಗಲಿಲೇಯದ ಬೆಸ್ತರಿಗೆ ಅವರ ನೀರೇ ಸಮುದ್ರ. ನಮ್ಮ ಟೆಂಪೊದ ಅಜ್ಜಿಯೂ ಹಾಗೆಯೇ ಅಂದದ್ದಲ್ಲವೇ!

ಸೂಳೆಕೆರೆಯ ದಂಡೆಯಲ್ಲಿ ಮೀನು ಮಾರುತ್ತಿದ್ದವರ ಬುಟ್ಟಿಯಲ್ಲಿ ಕಾಟ್ಲಾ, ರೋಹು ಜೊತೆಗೆ ಜಿಲೇಬಿ ಮೀನೂ ಇತ್ತು. 1952ರಲ್ಲಿ ಆಫ್ರಿಕಾದ ಮೂಲದಿಂದ ಭಾರತಕ್ಕೆ ಬಂದ ಈ ಜಿಲೇಬಿ, ಗಲಿಲೇಯದಲ್ಲಿ ಯಾತ್ರಿಕರಿಗೆ 'ಸಂತ ಪೇತ್ರರ ಮೀನು' ಎಂದು ಹುರಿದು ಕೊಡುವ ಮೀನಿನ ಬಂಧು. ಇದನ್ನು ಹೇಳಿದಾಗ ನಮ್ಮ ಜೊತೆಯವರು ಚೌಕಾಶಿ ಬಿಟ್ಟು ಎರಡು ಕಿಲೋ ಕೊಂಡರು.

ಈಗ ಹೆಸರಿನ ಕಥೆ. ಏರಿಯ ಪಕ್ಕದ ಗುಡ್ಡದ ಮೇಲೆ ಸಿದ್ದೇಶ್ವರನ ಗುಡಿಯಿದೆ. ಅದರ ನೆರಳಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ನಮ್ಮ ಬಿಳಿ ನಿಲುವಂಗಿ ನೋಡಿ, "ಯಾವ ಕಡೆಯಿಂದ ಬಂದ್ರಿ ಸ್ವಾಮಿ?" ಎಂದು ಮಾತಿಗೆಳೆದರು. ಕಥೆ ಹಲವು ಬಗೆಯಲ್ಲಿ ಉಂಟು. ಅವರು ಹೇಳಿದ್ದು ಹೀಗೆ: ಈಗ ನೀರಿರುವ ಜಾಗದಲ್ಲಿ ಹಿಂದೆ ಸ್ವರ್ಗಾವತಿ ಎಂಬ ಪಟ್ಟಣವಿತ್ತು. ವಿಕ್ರಮರಾಯ ದೊರೆ. ಅವನ ಮಗಳು ಶಾಂತವ್ವ. ಪ್ರಾಯಕ್ಕೆ ಬಂದ ಮಗಳು ಒಂದು ದಿನ ಕೇಳದೆ ಊರ ಹೊರಗೆ ಹೋಗಿ ಬಂದಳು. ತಂದೆ ಸಿಟ್ಟಿನಲ್ಲಿ 'ಸೂಳೆ' ಎಂದುಬಿಟ್ಟ. ಆ ಮಾತಿನ ಉರಿ ಆರಬೇಕಾದರೆ ನೀರೇ ಬೇಕೆಂದು ಆಕೆ ಕೆರೆ ಕಟ್ಟಿಸಲು ಹೊರಟಳು. ಜಾಗ ನೋಡಿದರೆ ಅದು ಸೂಳೆಯರ ಕೇರಿ. ಕೊಡಿ ಎಂದು ಕೇಳಿದಳು. ಅವರು ಕೊಟ್ಟರು, ಆದರೆ ಒಂದು ಕರಾರು ಹಾಕಿದರು: ಮನೆ ಹೋಗಲಿ, ಮಠ ಹೋಗಲಿ, ಕೆರೆಗೆ ಮಾತ್ರ ನಮ್ಮ ಹೆಸರಿರಬೇಕು. ಶಾಂತವ್ವ ಒಪ್ಪಿದಳು. ಗ್ಯಾಸೆಟಿಯರಿನಲ್ಲಿರುವ ಪಾಠ ಬೇರೆ. ಅಲ್ಲಿ ಆಕೆ ಒಬ್ಬ ದೈವಪುರುಷನೊಡನೆ ಕೂಡಿದ ತಪ್ಪಿಗೆ ಪ್ರಾಯಶ್ಚಿತ್ತವಾಗಿ ಕೆರೆ ಕಟ್ಟಿಸುತ್ತಾಳೆ. ಕೇರಿಯವರ ಕರಾರು ಮಾತ್ರ ಎರಡರಲ್ಲೂ ಇದೆ.

ಕಥೆಯನ್ನು ಇತಿಹಾಸವೆಂದು ನಾವು ಹೇಳುತ್ತಿಲ್ಲ. ವಿಕ್ರಮರಾಯನನ್ನು ಯಾವ ರಾಜವಂಶದಲ್ಲಿ ಕೂರಿಸುವುದೋ ನಮಗೆ ಕಾಣದು. ಆದರೆ ಕಥೆಗೂ ಒಂದು ಇತಿಹಾಸವಿರುತ್ತದೆ. ಕನ್ನಡ ನಾಡಿನಲ್ಲಿ ಕೆರೆಯ ಜೊತೆ ಹೆಣ್ಣಿನ ಕಥೆ ಕೂಡಿಕೊಂಡೇ ಬರುತ್ತದೆ. 'ಕೆರೆಗೆ ಹಾರ' ಎಂಬ ನಮ್ಮ ಜನಪದ ಹಾಡು ಎಲ್ಲರಿಗೂ ಗೊತ್ತು. ಕೆರೆಯಲ್ಲಿ ನೀರು ಬರಲೆಂದು ಮನೆಯ ಕಿರಿಯ ಸೊಸೆ ಭಾಗೀರಥಿಯನ್ನು ಬಲಿ ಕೊಟ್ಟ ಕಥೆ ಅದು. ಅಲ್ಲಿ ಮಾವ ತೀರ್ಮಾನಿಸುತ್ತಾನೆ, ಸೊಸೆ ಮುಳುಗುತ್ತಾಳೆ. ಸೂಳೆಕೆರೆಯ ಕಥೆಯಲ್ಲಿ ಹಾಗಲ್ಲ. ಬೈಸಿಕೊಂಡವಳೇ ಕೆರೆ ಕಟ್ಟಿಸುತ್ತಾಳೆ, ಊರು ದೂರವಿಟ್ಟವರೇ ನೆಲ ಕೊಡುತ್ತಾರೆ. ತನ್ನನ್ನು ಸುಟ್ಟ ಮಾತನ್ನೇ ಆಕೆ ಕೆರೆಗೆ ಹೆಸರಾಗಿ ಇಟ್ಟಳು. ಕೊನೆಗೆ ಆಕೆಯೂ ಆ ನೀರಿಗೇ ಸೇರಿದಳು ಎನ್ನುವವರೂ ಇದ್ದಾರೆ. ಗುಡಿಯ ಬಳಿಯ ಹಿರಿಯರು ಆ ಭಾಗವನ್ನು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಆ ಪದವೂ ಮೊದಲಿನಿಂದ ಬೈಗುಳವಾಗಿರಲಿಲ್ಲ. ಹಳೆಯ ಶಾಸನಗಳಲ್ಲಿ ದೇವಾಲಯದ ಸೇವೆಗೆ ನಿಂತ ಹೆಣ್ಣುಮಕ್ಕಳಿಗೂ ಅದೇ ಪದ ಬರುತ್ತದೆ, ಯಾವ ಮುಜುಗರವೂ ಇಲ್ಲದೆ. ಬಸವಣ್ಣನವರ ಕಾಲದ ಶರಣೆಯರಲ್ಲಿ ಸೂಳೆ ಸಂಕವ್ವೆ ಎಂಬವರಿದ್ದರು. ಅವರ ಒಂದೇ ಒಂದು ವಚನ ನಮಗೆ ಉಳಿದಿದೆ. ಹಿಂದಿನ ಕಸುಬಿನ ಹೆಸರನ್ನು ಅವರ ಹೆಸರಿನಿಂದ ಯಾರೂ ಕಿತ್ತುಹಾಕಲಿಲ್ಲ, ಶರಣರ ಸಾಲಿನಿಂದ ಅವರನ್ನೂ ಕಿತ್ತುಹಾಕಲಿಲ್ಲ. ಕಿತ್ತುಹಾಕಿದವರು ನಮ್ಮ ಕಾಲದವರು, ಅದೂ ಕೆರೆಯ ಹೆಸರನ್ನು. ಶಾಂತಿಸಾಗರ ಒಳ್ಳೆಯ ಹೆಸರೇ, ಶಾಂತವ್ವನ ನೆನಪೂ ಅದರಲ್ಲಿದೆ. ಮಕ್ಕಳ ಮುಂದೆ, ಹೆಂಗಸರ ಮುಂದೆ ಹೇಳಲು ಸಂಕೋಚವಿಲ್ಲ. ಆದರೆ ನೆಲ ಕೊಟ್ಟವರ ಕರಾರು ಏನಾಯಿತು? ಇದನ್ನು ಆ ಹಿರಿಯರನ್ನು ಕೇಳಿದೆವು. ಅವರು ನಕ್ಕು, "ಬೋರ್ಡಿನ ಮೇಲೆ ಏನಾದ್ರೂ ಬರ್ಕಳ್ಲಿ ಸ್ವಾಮಿ, ನೀರಿಗೆ ಗೊತ್ತು" ಎಂದರು.

ಪ್ರಿಯ ಓದುಗರೇ, ಮಗ್ದಲದ ಮರಿಯಳ ಹಬ್ಬಕ್ಕೂ ಇದಕ್ಕೂ ಏನು ಸಂಬಂಧ ಎಂದು ನೀವು ಇಷ್ಟರಲ್ಲೇ ಊಹಿಸಿರಬೇಕು. ಮಗ್ದಲ ಗಲಿಲೇಯ ಸರೋವರದ ಪಶ್ಚಿಮ ದಂಡೆಯ ಊರು. ಗ್ರೀಕರು ಅದನ್ನು ತಾರಿಖೆಯ ಎಂದು ಕರೆಯುತ್ತಿದ್ದರು, ಮೀನು ಉಪ್ಪು ಹಾಕಿ ಒಣಗಿಸುವ ಊರು ಎಂದು ಅದರ ಭಾವ. 1986ರಲ್ಲಿ ಬರಗಾಲ ಬಂದು ಸರೋವರ ಹಿಂದೆ ಸರಿದಾಗ ಈ ಊರಿಗೆ ಸಮೀಪದಲ್ಲೇ ಕೆಸರಿನಿಂದ ಹಳೆಯ ದೋಣಿಯೊಂದು ಹೊರಬಿತ್ತು. ಎಂಟು ಮೀಟರಿಗೆ ಸ್ವಲ್ಪ ಹೆಚ್ಚು ಉದ್ದ, ಯೇಸುಸ್ವಾಮಿಯ ಕಾಲದ್ದು. 2009ರಲ್ಲಿ ಮಗ್ದಲದಲ್ಲಿ ಯಾತ್ರಿಕರ ವಸತಿಗೃಹಕ್ಕೆ ಪಾಯ ತೋಡುವಾಗ ಅದೇ ಕಾಲದ ಪ್ರಾರ್ಥನಾಮಂದಿರವೂ ಸಿಕ್ಕಿತು.

ಆ ಊರಿನ ಮರಿಯಳ ಬಗ್ಗೆ ಶುಭಸಂದೇಶ ಹೇಳುವುದು ಇಷ್ಟು: ಏಳು ದೆವ್ವಗಳ ಬಾಧೆಯಿಂದ ಬಿಡುಗಡೆ ಹೊಂದಿದಳು, ತನ್ನ ಆಸ್ತಿಯಿಂದ ಯೇಸುವಿಗೂ ಶಿಷ್ಯರಿಗೂ ಉಪಚಾರ ಮಾಡಿದಳು, ಶಿಲುಬೆಯ ಬುಡದಲ್ಲಿ ನಿಂತಳು, ಪುನರುತ್ಥಾನರಾದ ಪ್ರಭುವನ್ನು ಕಂಡು ಪ್ರೇಷಿತರಿಗೆ ತಿಳಿಸಿದಳು. ಆಕೆ ವೇಶ್ಯೆಯೆಂದು ಎಲ್ಲಿಯೂ ಇಲ್ಲ. 591ರಲ್ಲಿ ಜಗದ್ಗುರು ಮಹಾ ಗ್ರೆಗೊರಿಯವರು ಒಂದು ಪ್ರಬೋಧನೆಯಲ್ಲಿ ಮಗ್ದಲದ ಮರಿಯಳು, ಬೆಥಾನಿಯದ ಮರಿಯಳು, ಲೂಕರ ಏಳನೆಯ ಅಧ್ಯಾಯದ ಹೆಸರಿಲ್ಲದ ಪಾಪಿ ಹೆಂಗಸು, ಈ ಮೂವರನ್ನೂ ಒಬ್ಬಳೇ ಎಂದರು. ಪೂರ್ವದ ಧರ್ಮಸಭೆಗಳು ಇದನ್ನು ಎಂದೂ ಒಪ್ಪಲಿಲ್ಲ. ನಮ್ಮಲ್ಲಿ ಅದು ನಿಂತಿತು. ಚಿತ್ರಗಳಲ್ಲಿ, ನಾಟಕಗಳಲ್ಲಿ, ಧರ್ಮೋಪದೇಶದಲ್ಲಿ ಸಾವಿರದ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. 1969ರಲ್ಲಿ ಆರಾಧನಾ ಪಂಚಾಂಗ ಪರಿಷ್ಕಾರವಾದಾಗ ಮೂವರನ್ನೂ ಬೇರೆ ಮಾಡಲಾಯಿತು. 2016ರ ಜೂನ್ 3ರ ಆಜ್ಞೆಯ ಮೂಲಕ ಜಗದ್ಗುರು ಫ್ರಾನ್ಸಿಸ್ ಅವರ ಇಚ್ಛೆಯಂತೆ ಜುಲೈ 22ರ ಸ್ಮರಣೆಯನ್ನು ಪ್ರೇಷಿತರ ಹಬ್ಬಗಳ ಸಾಲಿಗೆ ಏರಿಸಲಾಯಿತು.

1969 ಎಂದರೆ ನಾವು ಹುಟ್ಟುವುದಕ್ಕೂ ಮೊದಲು. ಸೆಮಿನರಿಯಲ್ಲಿ ಇದನ್ನು ನಮಗೆ ಕಲಿಸಿದ್ದರು, ಪರೀಕ್ಷೆಗೂ ಬರೆದಿದ್ದೆವು. ಆದರೂ ಗುರುದೀಕ್ಷೆಯಾದ ಮೇಲೆ ಎಷ್ಟೋ ತಪಸ್ಸುಕಾಲದಲ್ಲಿ ಪೀಠದ ಮುಂದೆ ನಿಂತು 'ವೇಶ್ಯೆಯಾಗಿದ್ದ ಮಗ್ದಲದ ಮರಿಯಳು' ಎಂದೇ ಹೇಳಿದ್ದೇವೆ. ಹಾಗೆ ಹೇಳಿದರೆ ಕಥೆ ಚೆನ್ನಾಗಿ ಕೂರುತ್ತದೆ, ಜನ ಕಿವಿಗೊಟ್ಟು ಕೇಳುತ್ತಾರೆ. ಒಂದು ವರ್ಷ ಬಲಿಪೂಜೆ ಮುಗಿದ ಮೇಲೆ ತಾಯಿಯೊಬ್ಬರು ಸಂಕೀರ್ತಿಗೆ ಬಂದು, ಬಾಗಿಲ ಬಳಿ ನಿಂತು, "ಫಾದರ್, ಆಕಿ ಹಂಗಿದ್ಲು ಅಂತ ಬೈಬಲ್ಲಿನಾಗ ಎಲ್ಲಿ ಬರ್ದೈತ್ರಿ?" ಎಂದು ಕೇಳಿದರು. ನಮಗೆ ಉತ್ತರವಿರಲಿಲ್ಲ. ಅವರು ಮುಂದುವರಿಸಿ, "ಏನಿಲ್ರಿ, ಮಗಳು ಕೆಲಸಕ್ಕ ಹೋಗಿ ರಾತ್ರಿ ತಡಾ ಆಗಿ ಬರ್ತಾಳ. ಓಣ್ಯಾಗ ಅಕಿಗೂ ಹಂಗ ಅಂತಾರ. ಅದಕ್ಕ ಕೇಳ್ದೆ" ಎಂದು ಹೇಳಿ ಹೊರಟುಹೋದರು. ಆ ದಿನ ಮಧ್ಯಾಹ್ನ ನಮಗೆ ಊಟ ಸೇರಲಿಲ್ಲ. ಹಳೆಯ ಪ್ರಬೋಧನೆಗಳ ವಹಿ ತೆಗೆದು ನೋಡಿದರೆ ಐದು ಕಡೆ ಆ ಮಾತಿತ್ತು. ಐದನ್ನೂ ಹೊಡೆದು ಹಾಕಿದೆವು. ಮುಂದಿನ ಭಾನುವಾರ ಹೇಳಿದ್ದು ತಪ್ಪೆಂದು ಅದೇ ಪೀಠದಿಂದ ಹೇಳಿದೆವು. ಆ ತಾಯಿ ಅಂದು ಬಂದಿರಲಿಲ್ಲ, ಆಮೇಲೆ ಮನೆಗೆ ಹೋಗಿ ಹೇಳಿ ಬಂದೆವು.

ಆದ್ದರಿಂದಲೇ ತರಗತಿಯಲ್ಲಿ ನಗೆಯಾದಾಗ ಆ ಹುಡುಗನನ್ನು ಕೂರಿಸಿ ಬೇರೆ ಮಾತಿಗೆ ಹೋಗಲು ಮನಸ್ಸಾಗಲಿಲ್ಲ. "ಸರಿ ಐತಿ ನಿನ್ನ ಉತ್ತರ, ಆ ಕೆರಿ ಕಥಿ ಎಲ್ಲಾರಿಗೂ ಹೇಳು" ಎಂದೆವು. ಅವನಿಗೆ ಅಜ್ಜಿ ಹೇಳಿದ ಕಥೆ ಪೂರ್ತಿ ಬಾಯಿಪಾಠವಾಗಿತ್ತು.

ಹಿಂದಿರುಗುವಾಗ ಸಂತೆಬೆನ್ನೂರಿನ ಪುಷ್ಕರಣಿಯನ್ನೂ ನೋಡಿದೆವು. ಹದಿನಾರನೆಯ ಶತಮಾನದಲ್ಲಿ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ್ದು, ನಡುವೆ ಮಂಟಪ, ಬಹಳ ಅಂದ. ಅದರ ಬಗ್ಗೆ ಬೇರೆ ಬರೆಯಬೇಕು.

ಬೆಂಗೇರಿಗೆ ಬಂದಾಗ ರಾತ್ರಿ ಹತ್ತು. ಓಣಿಯಲ್ಲಿ ಆ ಹೊತ್ತಿಗೆ ನಳ ಬಂದಿತ್ತು, ಎಂಟು ದಿನದ ಮೇಲೆ. ಟೆಂಪೊ ಇಳಿದ ಹೆಂಗಸರು ಮೀನಿನ ಚೀಲವನ್ನು ನಮ್ಮ ಕೈಗೇ ಕೊಟ್ಟು ಕೊಡ ತರಲು ಓಡಿದರು. ಹುಬ್ಬಳ್ಳಿಯ ನೀರಿನ ಕಥೆ ನಿಮಗೆ ನಾವು ಹೇಳಬೇಕಾಗಿಲ್ಲ. ಒಂದು ಕಾಲಕ್ಕೆ ಉಣಕಲ್ ಕೆರೆಯೇ ಊರಿಗೆ ಕುಡಿಯುವ ನೀರು ಕೊಟ್ಟಿತ್ತು. ಊರು ಬೆಳೆದಾಗ 1955ರಲ್ಲಿ ಕಲಘಟಗಿ ತಾಲ್ಲೂಕಿನ ದುಮ್ಮವಾಡದ ಹತ್ತಿರ ಬೇಡ್ತಿ ಹಳ್ಳಕ್ಕೆ ಅಡ್ಡಲಾಗಿ ನೀರಸಾಗರ ಕಟ್ಟಿದರು. ಅದೂ ಸಾಲದೆ 1980ರ ದಶಕದಲ್ಲಿ ಮಲಪ್ರಭೆಯಿಂದ ಕೊಳವೆ ಎಳೆದರು. 2016-17ರ ಬರದಲ್ಲಿ ನೀರಸಾಗರದ ತಳ ಕಂಡಿತು. 2008ರಿಂದ ಕೆಲವು ಓಣಿಗಳಿಗೆ ದಿನದ 24 ತಾಸೂ ನೀರು ಬಂದರೆ, ಉಳಿದ ಓಣಿಗಳು ನಳದ ದಾರಿ ಕಾದವು. ಇತ್ತ ಉಣಕಲ್ ಕೆರೆಗೆ ಚರಂಡಿ ಸೇರಿ ಅಂತರಗಂಗೆ ಹಬ್ಬಿತು. ನಮ್ಮ ಬೆಂಗೇರಿಯ ಖಾದಿ ಸಂಘದಲ್ಲಿ ರಾಷ್ಟ್ರಧ್ವಜದ ಬಟ್ಟೆಗೆ ಬಣ್ಣ ಕಟ್ಟುತ್ತಾರಲ್ಲ, ಕೇಸರಿಯಾಗಲಿ ಹಸಿರಾಗಲಿ ಬಟ್ಟೆಗೆ ಹತ್ತುವುದು ನೀರಿದ್ದರೆ ತಾನೇ.

ಕೆರೆ ನೋಡಲು ಹೋಗಬಯಸುವವರು ಮಳೆಗಾಲದ ಕೊನೆಗೆ ಹೋಗುವುದು ಒಳ್ಳೆಯದು. ದಾವಣಗೆರೆಯಿಂದ ಚನ್ನಗಿರಿ ಬಸ್ಸು ಹಿಡಿಯಬೇಕು. ಶಾಂತಿಸಾಗರಕ್ಕೆ ಟಿಕೀಟು ಕೊಡಿ ಎಂದರೆ ಕೊಡುತ್ತಾರೆ. ಇಳಿಯುವ ಜಾಗ ಬಂದಾಗ ಮಾತ್ರ ಹಳೆಯ ಹೆಸರೇ ಕಿವಿಗೆ ಬಿದ್ದೀತು, ಗಮನವಿಟ್ಟು ಕೇಳುತ್ತಿರಿ.